ಬೀದರ ಕಂಡ ಮೊದಲ ಮಹಾಚುನಾವಣೆ

ಕನ್ನಡದಲ್ಲಿ 'ಮತ' ಎಂಬುದು ಎರಡಕ್ಷರದ ಶಬ್ದ. ಅದರ ಅರ್ಥಗಳು ಮಾತ್ರ ಹಲವು. ಸಂಸ್ಕೃತದ 'ಮನ್' ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಮೂಲದಲ್ಲಿ 'ಎಣಿಸಿದ್ದು, ಆಲೋಚಿಸಿದ್ದು' ಎಂಬಷ್ಟೇ ಅರ್ಥ. ಅಲ್ಲಿಂದ ಅದು ಅಭಿಪ್ರಾಯವೆಂದಾಯಿತು, ಸಿದ್ಧಾಂತವೆಂದಾಯಿತು. ಶೈವಮತ, ವೈಷ್ಣವಮತ ಎಂಬಲ್ಲಿ ಧರ್ಮವೆಂದಾಯಿತು. ನಮ್ಮ ಕಾಲಕ್ಕೆ ಬರುವಾಗ ಪೆಟ್ಟಿಗೆಗೆ ಹಾಕುವ ಓಟೂ ಆಯಿತು. ಹೀಗೆ ಒಂದೇ ಶಬ್ದವು ಒಂದು ಕಡೆ ಜನರನ್ನು ಬೇರೆ ಬೇರೆಯಾಗಿ ವಿಂಗಡಿಸಿ ತೋರಿಸುತ್ತದೆ, ಇನ್ನೊಂದು ಕಡೆ ಎಲ್ಲರನ್ನೂ ಒಂದೇ ರಾಶಿಯಲ್ಲಿ ಹಾಕಿ ಎಣಿಸುತ್ತದೆ. ಈ ಎರಡು ಅರ್ಥಗಳು ಎದುರುಬದುರಾಗಿ ನಿಂತ ಸಂದರ್ಭವೊಂದು ನಮ್ಮ ಬೀದರ ಜಿಲ್ಲೆಯ ಚರಿತ್ರೆಯಲ್ಲಿದೆ. ಅದೇ 1951-52ರ ಮೊದಲ ಮಹಾಚುನಾವಣೆ. ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಚುನಾವಣೆಯೆಂಬುದು ಇಂದು ನಮಗೆ ಉಗಾದಿ ದೀಪಾವಳಿಗಳಷ್ಟು ಪರಿಚಿತ. ಆದರೆ ಆ ಮೊದಲ ಸಲ ಬೀದರದ ಜನರಿಗೆ ಅದು ಎಷ್ಟು ಹೊಸದಾಗಿತ್ತೆಂಬುದನ್ನು ತಿಳಿಯಬೇಕಾದರೆ ಅದಕ್ಕೆ ಮೊದಲು ಇಲ್ಲಿ ಏನಿತ್ತೆಂಬುದನ್ನು ನೋಡಬೇಕು. ಮೈಸೂರು ಸಂಸ್ಥಾನದ ಕನ್ನಡಿಗರು 1881ರಲ್ಲೇ ಪ್ರಜಾಪ್ರತಿನಿಧಿ ಸಭೆಯನ್ನು ಕಂಡಿದ್ದರು. ಅದರ ಅಧಿಕಾರ ಅಲ್ಪವಾಗಿದ್ದರೂ, ಪ್ರಜೆಗಳ ಮಾತನ್ನು ಅರಸು ಕೇಳಬೇಕೆಂಬ ರೂಢಿಯನ್ನು ಅದು ಬೆಳೆಸಿತು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ, ಭಾಲ್ಕಿ, ಔರಾದ ಕಡೆಯ ಕನ್ನಡಿಗರಿಗೆ ಅಂಥ ರೂಢಿ ಇರಲಿಲ್ಲ. ಸರಕಾರದ ಭಾಷೆ ಉರ್ದು. ಅಪ್ಪಣೆಯೆಲ್ಲ ಫರ್ಮಾನಿನ ರೂಪದಲ್ಲಿ ಮೇಲಿನಿಂದ ಕೆಳಕ್ಕೆ ಬರುವಂಥದು. ಸ್ಟೇಟ್ ಕಾಂಗ್ರೆಸ್ಸಿಗೆ 1938ರಿಂದ 1946ರವರೆಗೆ ನಿಷೇಧವಿತ್ತು. 1946ರಲ್ಲಿ ಒಂದು ಶಾಸನಸಭೆ ಏರ್ಪಟ್ಟಿತಾದರೂ ಅದರಲ್ಲಿ ಪ್ರಾತಿನಿಧ್ಯ ದೊರೆತದ್ದು ಕಸುಬು ಮತ್ತು ಹಿತಾಸಕ್ತಿಗಳ ಗುಂಪುಗಳಿಗೆ; ಊರಿನ ಪ್ರತಿಯೊಬ್ಬ ವಯಸ್ಕನಿಗೂ ಒಂದು ಓಟು ಎಂಬ ತತ್ತ್ವ ಅಲ್ಲಿರಲಿಲ್ಲ.

ಅನಂತರ ಬಂದದ್ದು 1948. ಆ ವರ್ಷದ ನೋವನ್ನು ಈ ಜಿಲ್ಲೆಯ ಹಿರಿಯರು ಬಹುಕಾಲ ಮನಸ್ಸಿನಲ್ಲಿ ಹೊತ್ತುಕೊಂಡಿದ್ದರು. ರಜಾಕಾರರ ಹಾವಳಿಯಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಇಂದಿಗೂ ಜನ ಮರೆತಿಲ್ಲ. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ಮುಗಿದು ಸಂಸ್ಥಾನ ಭಾರತಕ್ಕೆ ಸೇರಿತು. ಆದರೆ ಅದರ ಬೆನ್ನಿಗೇ ಹಲವು ಊರುಗಳಲ್ಲಿ ಮುಸಲ್ಮಾನ ಕುಟುಂಬಗಳ ಮೇಲೆ ಘೋರ ಹಿಂಸೆ ನಡೆಯಿತು. ಭಾರತ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡಗಳ ಜೊತೆಗೆ ನಮ್ಮ ಬೀದರವನ್ನೂ ಹೆಸರಿಸಿತು. ಅಂದರೆ ಒಂದೇ ವರ್ಷದಲ್ಲಿ ಮೊದಲು ಒಂದು ಕಡೆಯವರು, ಆಮೇಲೆ ಇನ್ನೊಂದು ಕಡೆಯವರು ನೆರೆಮನೆಯವರ ಮುಖ ನೋಡಿ ಹೆದರಿದ ಜಿಲ್ಲೆ ಇದು. ಒಂದೇ ಬಾವಿಯ ನೀರು ಸೇದುತ್ತಿದ್ದವರ ನಡುವೆ ಆ ಹೆದರಿಕೆ ಬಂದು ಕೂತಿತ್ತು.

ಇಂಥ ನೆಲದಲ್ಲಿ, ಮೂರೂವರೆ ವರ್ಷ ಕಳೆಯುವುದರೊಳಗೆ, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಓಟು ಹಾಕಬೇಕೆಂದು ಹೊಸ ಗಣರಾಜ್ಯ ಕರೆಕೊಟ್ಟಿತು. 1949ರ ನವೆಂಬರ್ 23ರಂದು ನಿಜಾಮರು ತಮ್ಮ ಫರ್ಮಾನಿನಲ್ಲಿ ಭಾರತದ ಸಂವಿಧಾನವನ್ನು ಒಪ್ಪಿದರು. 1950ರ ಜನವರಿ 26ರಂದು ಅವರೇ ರಾಜಪ್ರಮುಖರಾದರು. ಆಡಳಿತದ ಹೊಣೆಯನ್ನು ಎಂ. ಕೆ. ವೆಲ್ಲೋಡಿ ಎಂಬ ಹಿರಿಯ ಅಧಿಕಾರಿ ನಿರ್ವಹಿಸುತ್ತಿದ್ದರು. ಜನ ಆರಿಸಿದ ಮಂತ್ರಿಮಂಡಲ ಬರಬೇಕಾದರೆ ಚುನಾವಣೆಯೇ ಆಗಬೇಕಿತ್ತು.

ಈ ಚುನಾವಣೆಯ ತಳಹದಿಯಾಗಿದ್ದ ಸಂವಿಧಾನದ ಎರಡು ವಿಧಿಗಳನ್ನು ಇಲ್ಲಿ ನೆನೆಯಬೇಕು. ಒಂದು, 326ನೆಯ ವಿಧಿ: ವಯಸ್ಸಿಗೆ ಬಂದ ಪ್ರತಿಯೊಬ್ಬ ಪೌರನಿಗೂ ಮತದಾನದ ಹಕ್ಕು. ಆಗ ಆ ವಯಸ್ಸು ಇಪ್ಪತ್ತೊಂದು. ಅದು ಹದಿನೆಂಟಾದದ್ದು 1989ರಲ್ಲಿ. ಇನ್ನೊಂದು, ಅಷ್ಟಾಗಿ ಜನರ ಬಾಯಲ್ಲಿ ಬಾರದ 325ನೆಯ ವಿಧಿ: ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. ಬ್ರಿಟಿಷ್ ಭಾರತದಲ್ಲಿ 1909ರಿಂದ ಮುಸಲ್ಮಾನರಿಗೆ ಪ್ರತ್ಯೇಕ ಮತದಾರರ ಪಟ್ಟಿ ಇತ್ತು. ಆ ಪಟ್ಟಿಯವರು ಆ ಸಮುದಾಯದ ಉಮೇದುವಾರನನ್ನೇ ಆರಿಸುತ್ತಿದ್ದರು. ಆದಕಾರಣ ಒಬ್ಬ ಉಮೇದುವಾರನಿಗೆ ಇನ್ನೊಂದು ಸಮುದಾಯದ ಮನೆ ಬಾಗಿಲಿಗೆ ಹೋಗಿ ಕೈಮುಗಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಹೊಸ ಸಂವಿಧಾನ ಆ ಗೋಡೆಯನ್ನು ತೆಗೆದುಹಾಕಿತು. ಚಿಂತಾಕಿಯ ಒಕ್ಕಲುತನದವನ ಓಟಿಗೂ, ಬೀದರ ಪೇಟೆಯ ಸಾಹುಕಾರನ ಓಟಿಗೂ, ಹೈದರಾಬಾದಿನ ಅರಮನೆಯಲ್ಲಿದ್ದ ನಿಜಾಮರ ಓಟಿಗೂ ತೂಕ ಒಂದೇ ಎಂದು ಬರೆದಿಟ್ಟಿತು.

ಬರೆಯುವುದು ಸುಲಭ, ನಡೆಸುವುದು ಕಷ್ಟ. ಆ ಕಷ್ಟದ ಕೆಲಸ ಬಿದ್ದದ್ದು ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರ ಹೆಗಲಿಗೆ. ಅವರ ನೇಮಕವಾದದ್ದು 1950ರ ಮಾರ್ಚಿಯಲ್ಲಿ. ಪಟ್ಟಿಗೆ ಸೇರಿದ ಮತದಾರರು 17 ಕೋಟಿ 32 ಲಕ್ಷ; ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಪಟ್ಟಿಗಳನ್ನು ಟೈಪು ಮಾಡುವುದಕ್ಕೇ 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ನೇಮಿಸಿಕೊಳ್ಳಬೇಕಾಯಿತು. 2,24,000 ಮತಗಟ್ಟೆಗಳು, 20 ಲಕ್ಷ ಉಕ್ಕಿನ ಪೆಟ್ಟಿಗೆಗಳು, ಅವುಗಳಿಗಾಗಿ 8,200 ಟನ್ ಉಕ್ಕು ಬೇಕಾದವು. ಹಿಮಾಚಲದ ಚಿನಿ ತಾಲೂಕಿನಲ್ಲಿ ಹಿಮ ಬೀಳುವ ಮೊದಲೇ ಮುಗಿಸಬೇಕೆಂದು 1951ರ ಅಕ್ಟೋಬರ್ 25ರಂದು ಮತದಾನ ಶುರುವಾಯಿತು. ದೇಶವನ್ನೆಲ್ಲ ಸುತ್ತಿ ಮುಗಿಯುವಾಗ 1952ರ ಫೆಬ್ರುವರಿಯಾಗಿತ್ತು. ಇದೇ ಸೇನರನ್ನು ಮುಂದೆ 1953ರಲ್ಲಿ ಸುಡಾನ್ ದೇಶದ ಮೊದಲ ಚುನಾವಣೆಗೂ ಕರೆಸಿಕೊಂಡರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಓದು ಬಾರದವರು ಓಟು ಹಾಕಿದ್ದು ಹೇಗೆ? ತರಗತಿಯಲ್ಲಿ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ಇದು. ಆಗಿನ ಏರ್ಪಾಡು ಈಗಿನದಕ್ಕಿಂತ ಭಿನ್ನ. ಮತಗಟ್ಟೆಯ ಮರೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಅವನ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಇವೆಲ್ಲ ಹಳ್ಳಿಯವನು ದಿನವೂ ಕಾಣುವ ವಸ್ತುಗಳು. ಮತದಾರನ ಕೈಗೆ ಒಂದು ಸಣ್ಣ ಮತಪತ್ರ ಕೊಡುತ್ತಿದ್ದರು. ಅದರ ಮೇಲೆ ಅವನು ಏನನ್ನೂ ಬರೆಯಬೇಕಾಗಿರಲಿಲ್ಲ; ಒಪ್ಪಿದ ಗುರುತಿನ ಪೆಟ್ಟಿಗೆಯೊಳಗೆ ಹಾಕಿ ಬಂದರೆ ಸಾಕು. ಈ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ಒಳಗೆ ಹೋದವನು ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಬಚ್ಚಿಟ್ಟುಕೊಂಡು ಹೊರಗೆ ತರಬಹುದಿತ್ತು. ಮುಂದೆ 1962ರ ಮಹಾಚುನಾವಣೆಯ ವೇಳೆಗೆ ಎಲ್ಲ ಹೆಸರು ಗುರುತುಗಳೂ ಒಂದೇ ಮತಪತ್ರದಲ್ಲಿ ಬಂದು, ಮುದ್ರೆ ಒತ್ತಿ ಒಂದೇ ಪೆಟ್ಟಿಗೆಗೆ ಹಾಕುವ ಕ್ರಮ ಜಾರಿಯಾಯಿತು.

ಒಬ್ಬನೇ ಎರಡು ಸಲ ಓಟು ಹಾಕದಂತೆ ಬೆರಳಿಗೆ ಅಳಿಸಲಾರದ ಶಾಯಿ ಹಚ್ಚುವ ಉಪಾಯವೂ ಆ ಮೊದಲ ಚುನಾವಣೆಯದೇ. ಸುಮಾರು 3,90,000 ಶೀಶೆ ಶಾಯಿ ಅದಕ್ಕೆ ಖರ್ಚಾಯಿತು. 1962ರಿಂದ ಈ ಶಾಯಿಯನ್ನು ಮಾಡಿಕೊಡುತ್ತ ಬಂದಿರುವುದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆ. ಕಾಶ್ಮೀರದವನ ಬೆರಳಿನ ಮೇಲೂ ಕನ್ಯಾಕುಮಾರಿಯವನ ಬೆರಳಿನ ಮೇಲೂ ಕನ್ನಡ ನಾಡಿನ ಶಾಯಿಯೇ ಕಾಣುತ್ತದೆ.

ಆಕಾಶವಾಣಿಯ ಪಾತ್ರವನ್ನು ಈ ಪತ್ರಿಕೆಯ ವಾಚಕರಿಗೆ ಹೇಳದೆ ಬಿಡಲಾಗದು. ಹೈದರಾಬಾದಿನ ಡೆಕ್ಕನ್ ರೇಡಿಯೊ 1950ರ ಏಪ್ರಿಲ್ 1ರಂದು ಆಕಾಶವಾಣಿಗೆ ಸೇರಿತ್ತು. ಸಂವಿಧಾನವೆಂದರೇನು, ಪಟ್ಟಿಯೆಂದರೇನು, ಓಟು ಹಾಕುವುದು ಹೇಗೆ ಎಂದು ತಿಳಿಯಹೇಳುವ ಕಾರ್ಯಕ್ರಮಗಳನ್ನು ಆಕಾಶವಾಣಿ ದೇಶದಲ್ಲೆಲ್ಲ ಬಿತ್ತರಿಸಿತು. ಆದರೆ ಪಕ್ಷಗಳ ಪ್ರಚಾರ ಭಾಷಣಕ್ಕೆ ಆಗ ಅಲ್ಲಿ ಎಡೆಯಿರಲಿಲ್ಲ. ಪಕ್ಷಗಳಿಗೆ ಆಕಾಶವಾಣಿಯಲ್ಲಿ ಸಮಯ ದೊರೆತದ್ದು 1977ರ ಚುನಾವಣೆಯಲ್ಲಿ.

ಈ ದೊಡ್ಡ ಕೆಲಸದಲ್ಲಿ ಒಂದು ಎಡರು ಹೆಣ್ಣುಮಕ್ಕಳ ಹೆಸರಿನದು. ದೇಶದ ಕೆಲವು ಭಾಗಗಳಲ್ಲಿ, ಅದರಲ್ಲೂ ಉತ್ತರದ ಪ್ರಾಂತಗಳಲ್ಲಿ, ಪಟ್ಟಿ ಬರೆಯಲು ಬಂದವರಿಗೆ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಸೇನರು ಇದಕ್ಕೆ ಸಮ್ಮತಿಸಲಿಲ್ಲ. ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ತೆಗೆಸಿದರು. ಹಾಗೆ ಹೊರಗುಳಿದ ಸ್ತ್ರೀಯರು ಸುಮಾರು 28 ಲಕ್ಷ. ಮೇಲುನೋಟಕ್ಕೆ ಇದು ಕಠೋರವೆನಿಸುತ್ತದೆ. ಆದರೆ ಅದರ ಹಿಂದಿನ ನ್ಯಾಯ ಸರಿಯಾದದ್ದೇ: ಮತದ ಹಕ್ಕು ಆಕೆಯದು, ಗಂಡನದಾಗಲಿ ತಂದೆಯದಾಗಲಿ ಅಲ್ಲ, ಆದ್ದರಿಂದ ಪಟ್ಟಿಯಲ್ಲಿ ಆಕೆಯ ಹೆಸರೇ ಇರಬೇಕು. ಮುಂದಿನ ಚುನಾವಣೆಗಳಲ್ಲಿ ಸ್ತ್ರೀಯರು ತಮ್ಮ ಹೆಸರು ಹೇಳಿ ಪಟ್ಟಿಗೆ ಸೇರುತ್ತ ಬಂದರು. ನಾಗರಿಕತೆಯಲ್ಲಿ ಮುಂದೆಂದು ಹೇಳಿಸಿಕೊಳ್ಳುವ ಸ್ವಿಟ್ಜರ್ಲೆಂಡಿನ ಹೆಣ್ಣುಮಕ್ಕಳಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಓಟು ದೊರೆತದ್ದು 1971ರಲ್ಲಿ ಎಂಬುದನ್ನು ಇಲ್ಲಿ ನೆನೆದರೆ, ನಮ್ಮ ಸಂವಿಧಾನ ರಚಿಸಿದವರ ಧೈರ್ಯ ಎಷ್ಟೆಂಬುದು ತಿಳಿಯುತ್ತದೆ.

ಈಗ ಫಲಿತಾಂಶಕ್ಕೆ ಬರೋಣ. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 93 ದೊರೆತವು; 1952ರ ಮಾರ್ಚಿ 6ರಂದು ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಜನರಿಂದ ಆರಿಸಿಬಂದ ಸಭೆಗೆ ಉತ್ತರ ಹೇಳಬೇಕಾದ ಮುಖ್ಯಮಂತ್ರಿ ಆ ನಾಡಿಗೆ ಅವರೇ ಮೊದಲಿಗರು. ಲೋಕಸಭೆಗೆ ನಲ್ಗೊಂಡದಿಂದ ಜನತಾ ಪ್ರಜಾತಂತ್ರ ರಂಗದ ರಾವಿ ನಾರಾಯಣ ರೆಡ್ಡಿಯವರು ಪ್ರಧಾನಿ ನೆಹರೂ ಅವರಿಗಿಂತಲೂ ಹೆಚ್ಚು ಓಟು ಪಡೆದು ಬಂದರು. ಗುಲ್ಬರ್ಗಾದಿಂದ ಹೈದರಾಬಾದ್ ವಿಮೋಚನೆಯ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಆರಿಸಿಬಂದರು. ಬೀದರದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಡಾಕ್ಟರ್ ಶೌಕತುಲ್ಲಾ ಶಾ ಅನ್ಸಾರಿಯವರು.

ಈ ಕೊನೆಯ ಹೆಸರಿನ ಮುಂದೆ ತಾವು ಒಂದು ಗಳಿಗೆ ನಿಲ್ಲಬೇಕೆಂದು ನನ್ನ ವಿಜ್ಞಾಪನೆ. ಅನ್ಸಾರಿಯವರು ರಾಷ್ಟ್ರೀಯವಾದಿ ಮುಸಲ್ಮಾನರು, ಡಾಕ್ಟರ್ ಎಂ. ಎ. ಅನ್ಸಾರಿಯವರ ಅಳಿಯಂದಿರು, ದೇಶ ಒಡೆಯುವುದನ್ನು ವಿರೋಧಿಸಿ 1944ರಲ್ಲೇ ಪುಸ್ತಕ ಬರೆದವರು, ಮುಂದೆ ಒರಿಸ್ಸಾದ ರಾಜ್ಯಪಾಲರಾದವರು. ಅವರ ಯೋಗ್ಯತೆಯ ಮಾತು ಹಾಗಿರಲಿ. 1948ರಲ್ಲಿ ರಜಾಕಾರರ ಹಾವಳಿಯನ್ನೂ ಅದರ ಪ್ರತೀಕಾರದ ಹಿಂಸೆಯನ್ನೂ ಕಂಡ ಬೀದರ, 1952ರಲ್ಲಿ ಒಂದೇ ಪಟ್ಟಿಯಿಂದ, ಒಂದೇ ಸಾಲಿನಲ್ಲಿ ನಿಂತು, ಒಬ್ಬ ಮುಸಲ್ಮಾನರನ್ನು ದಿಲ್ಲಿಗೆ ಕಳಿಸಿತು. ಗಾಯವೆಲ್ಲ ಮಾಯಿತೆಂದು ಇದರಿಂದ ಹೇಳಲಾಗದು. ಜೋಡೆತ್ತಿನ ಗುರುತಿಗೂ, ನೆಹರೂ ಹೆಸರಿಗೂ ಆಗ ಇದ್ದ ಬಲ ದೊಡ್ಡದು. ಆದರೂ ಪ್ರತ್ಯೇಕ ಪಟ್ಟಿಗಳ ಪದ್ಧತಿ ಮುಂದುವರಿದಿದ್ದರೆ ಈ ಆಯ್ಕೆಯಲ್ಲಿ ಎಲ್ಲ ಸಮುದಾಯಗಳೂ ಒಟ್ಟಿಗೆ ಪಾಲುಗೊಳ್ಳುವುದಕ್ಕೇ ಅವಕಾಶವಿರುತ್ತಿರಲಿಲ್ಲ. ಮತ ಎಂಬ ಶಬ್ದದ ಒಂದು ಅರ್ಥ ಒಡೆದದ್ದನ್ನು ಇನ್ನೊಂದು ಅರ್ಥ ಸ್ವಲ್ಪವಾದರೂ ಕೂಡಿಸಿತೆಂದು ನಾನು ತಿಳಿದಿದ್ದೇನೆ.

ಹಾಗಾದರೆ ಒಂದು ಚುನಾವಣೆ ನಡೆಸಿಬಿಟ್ಟರೆ ಗಣರಾಜ್ಯ ನೆಲೆನಿಂತಂತೆಯೆ? ಯುರೋಪಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1918ರ ನವೆಂಬರಿನಲ್ಲಿ ತನ್ನ ಚಕ್ರವರ್ತಿಯನ್ನು ಕಳೆದುಕೊಂಡು ಗಣರಾಜ್ಯವಾಯಿತು. ಎರಡೂವರೆ ತಿಂಗಳು ತುಂಬುವ ಮೊದಲೇ, 1919ರ ಜನವರಿ 19ರಂದು, ರಾಷ್ಟ್ರೀಯ ಸಭೆಗೆ ಚುನಾವಣೆ ನಡೆಯಿತು. ಅಲ್ಲಿಯೂ ಹೆಣ್ಣುಮಕ್ಕಳು ಮೊದಲ ಸಲ ರಾಷ್ಟ್ರದ ಚುನಾವಣೆಯಲ್ಲಿ ಓಟು ಹಾಕಿದರು. ಓಟಿನ ವಯಸ್ಸನ್ನು ಇಪ್ಪತ್ತೈದರಿಂದ ಇಪ್ಪತ್ತಕ್ಕೆ ಇಳಿಸಿದ್ದರು. ನೂರಕ್ಕೆ ಎಂಬತ್ತಕ್ಕೂ ಮಿಕ್ಕ ಜನ ಮತಗಟ್ಟೆಗೆ ಬಂದರು. ನಮ್ಮ ಮೊದಲ ಚುನಾವಣೆಗೆ ಬಂದವರು ನೂರಕ್ಕೆ ಸುಮಾರು ನಲವತ್ತೈದು ಮಂದಿ. ಓದು ಬಲ್ಲ ಜನ, ಕಾರ್ಖಾನೆಗಳ ಸಂಪತ್ತು, ಹೆಸರಾಂತ ವಿಶ್ವವಿದ್ಯಾಲಯಗಳು, ಎಲ್ಲವೂ ಅಲ್ಲಿದ್ದವು. ಆದರೂ ವೈಮಾರ್ ಎಂಬ ಊರಿನ ಹೆಸರಿನಿಂದ ಕರೆಸಿಕೊಂಡ ಆ ಗಣರಾಜ್ಯ ಬಾಳಿದ್ದು ಹದಿನಾಲ್ಕು ವರ್ಷ. 1933ರ ಮಾರ್ಚಿಯಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡುವ ತನ್ನ ಅಧಿಕಾರವನ್ನೇ ಹಿಟ್ಲರನ ಸರಕಾರದ ಕೈಗೆ ಒಪ್ಪಿಸಿತು. ವಿರೋಧಿಗಳು ಸೆರೆಯಲ್ಲಿರುವಾಗ, ಬೆದರಿಕೆಯ ನಡುವೆ ನಡೆದ ಒಪ್ಪಿಗೆ ಅದು. ಮೊದಲ ಚುನಾವಣೆಯ ವೈಭವದಿಂದ ಗಣರಾಜ್ಯ ಉಳಿಯುವುದಿಲ್ಲ. ಸೋತವನು ಹೆದರದೆ ಮನೆಗೆ ಹೋಗಿ ಮುಂದಿನ ಚುನಾವಣೆಗೆ ಸಿದ್ಧನಾಗುವ ಸ್ಥಿತಿ ಇದ್ದಾಗ ಮಾತ್ರ ಅದು ಉಳಿಯುತ್ತದೆ.

ನಮ್ಮಲ್ಲಿ ಆ ಸರದಿ ತಪ್ಪದೆ ಬಂತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಹಳೆಯ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ಎಲ್ಲೆಗಳು ಬದಲಾದರೂ ಓಟಿನ ಹಕ್ಕು ಬದಲಾಗಲಿಲ್ಲ. 1962ರಲ್ಲಿ ಪರಿಶಿಷ್ಟ ಜಾತಿಗಳಿಗೆ ಮೀಸಲಾಗಿದ್ದ ಬೀದರ ಲೋಕಸಭಾ ಕ್ಷೇತ್ರದಿಂದ ರಾಮಚಂದ್ರ ವೀರಪ್ಪನವರು ಆರಿಸಿಬಂದರು. ಅವರು ಹಲವು ಸಲ ಗೆದ್ದು, 2004ರಲ್ಲಿ ಬಹಳ ಮುಪ್ಪಿನಲ್ಲಿ, ಲೋಕಸಭೆಯ ಸದಸ್ಯರಾಗಿರುವಾಗಲೇ ತೀರಿಕೊಂಡರು. ಶತಮಾನಗಳಿಂದ ಊರ ಚಾವಡಿಯ ಮೇಲೆ ಕೂರಲು ಬಿಡದಿದ್ದ ಜನರ ಪ್ರತಿನಿಧಿ ಇಡೀ ಜಿಲ್ಲೆಯ ಪರವಾಗಿ ದಿಲ್ಲಿಯಲ್ಲಿ ಕುಳಿತುಕೊಳ್ಳುವಂತಾದದ್ದು ಇದೇ ಓಟಿನ ಬಲದಿಂದ.

ಇಂದಿನ ಕ್ರಮವನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮಾಸ್ತರರಿಗೂ ಚುನಾವಣೆಗೂ ನಂಟು ಬಿಡದ ಕಾರಣ ನಾನು ಇದನ್ನು ಕೈಯಾರೆ ಮಾಡಿ ಬಲ್ಲೆ. ಹಿಂದಿನ ದಿನವೇ ಯಂತ್ರ, ಪಟ್ಟಿ, ಅರಗು, ಶಾಯಿ ತೆಗೆದುಕೊಂಡು ಊರ ಶಾಲೆಗೆ ಹೋಗಿ ತಂಗಬೇಕು. ಬೆಳಿಗ್ಗೆ ಮತದಾನಕ್ಕೆ ಮೊದಲು ಪಕ್ಷಗಳ ಏಜೆಂಟರ ಎದುರಿಗೆ ಕನಿಷ್ಠ ಐವತ್ತು ಓಟು ಹಾಕಿ ಪರೀಕ್ಷೆ ಮಾಡಿ, ಲೆಕ್ಕ ತೋರಿಸಿ, ಅದನ್ನೆಲ್ಲ ಅಳಿಸಿ ಮೊಹರು ಹಾಕಬೇಕು. ಮತದಾರನ ಹೆಸರನ್ನು ಗಟ್ಟಿಯಾಗಿ ಕೂಗುವುದು ಏಜೆಂಟರಿಗೆ ಕೇಳಲೆಂದೇ. ಸಂಜೆ, ಒಟ್ಟು ಎಷ್ಟು ಓಟು ಬಿತ್ತೆಂಬ ಲೆಕ್ಕವನ್ನು 17-ಸಿ ಎಂಬ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಅವರು ಅದನ್ನು ತಾಳೆ ನೋಡುತ್ತಾರೆ. ಹೀಗೆ ಒಬ್ಬರನ್ನೊಬ್ಬರು ನಂಬದವರೂ ಒಂದೇ ಲೆಕ್ಕವನ್ನು ನಂಬುವಂತೆ ಮಾಡುವುದೇ ಈ ಕಟ್ಟುಪಾಡುಗಳ ಗುಟ್ಟು. ಒಮ್ಮೆ ಹಳ್ಳಿಯೊಂದರ ಮತಗಟ್ಟೆಯಲ್ಲಿ ಮುದುಕಿಯೊಬ್ಬಳನ್ನು ಗಂಡನ ಹೆಸರು ಕೇಳಿದೆ. ಆಕೆ ಸೆರಗು ಬಾಯಿಗಿಟ್ಟು, "ಅಲ್ಲೇ ಬರ್ದಾದಲ್ಲ ಮಾಸ್ತರ, ನೀವೇ ಓದ್ರಿ" ಎಂದಳು. ಆದರೆ ತನ್ನ ಸ್ವಂತ ಹೆಸರನ್ನು ಮಾತ್ರ ಇಡೀ ಕೋಣೆಗೆ ಕೇಳುವಂತೆ ಹೇಳಿದ್ದಳು. ಸೇನರು ಹಟ ಹಿಡಿದದ್ದು ಇದಕ್ಕೇ ಅಲ್ಲವೆ ಎಂದುಕೊಂಡೆ.

ಕಡೆಯದಾಗಿ ಒಂದು ಮಾತು. 2024ರ ಚುನಾವಣೆಯಲ್ಲಿ ದೇಶದ ಮತದಾರರು 96 ಕೋಟಿಗೂ ಹೆಚ್ಚು. ಇಷ್ಟು ದೊಡ್ಡ ಪಟ್ಟಿಯಲ್ಲಿ ತಮ್ಮ ಮನೆಯ ಒಂದು ಹೆಸರು ಬಿಟ್ಟುಹೋದರೆ ಯಾರಿಗೂ ತಿಳಿಯದು, ತಾವೇ ನೋಡಿಕೊಳ್ಳಬೇಕು. ನಮ್ಮದು ಮೂರು ರಾಜ್ಯಗಳ ಗಡಿ ಕೂಡುವ ಜಿಲ್ಲೆ. ಉದಗೀರದ ಮಗಳು ಭಾಲ್ಕಿಗೆ ಸೊಸೆಯಾಗಿ ಬರುತ್ತಾಳೆ, ನಾರಾಯಣಖೇಡದವಳು ಚಿಂತಾಕಿಗೆ ಬರುತ್ತಾಳೆ. ಪಡಿತರ ಚೀಟಿಗೆ ಹೆಸರು ಸೇರಿಸುವ ನಾವು ಮತದಾರರ ಪಟ್ಟಿಯನ್ನು ಮರೆಯುತ್ತೇವೆ. ಆಕೆಯ ಹೆಸರು ತವರಿನಲ್ಲೇ ಉಳಿದುಬಿಡುತ್ತದೆ. ಹೊಸದಾಗಿ ಸೇರುವವರಿಗೆ 6ನೆಯ ನಮೂನೆ, ಊರು ಬದಲಿಸಿದವರಿಗೂ ತಪ್ಪು ತಿದ್ದಿಸುವವರಿಗೂ 8ನೆಯ ನಮೂನೆ. ಇವುಗಳಿಗೆ ಹಣ ಕೊಡಬೇಕಾಗಿಲ್ಲ; ಅರ್ಧ ಗಂಟೆಯ ಕೆಲಸ. ಇಂದು ಸಂಜೆ ವಾರ್ತೆ ಕೇಳಿ ರೇಡಿಯೊ ನಿಲ್ಲಿಸಿದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಯಾರ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದಿಲ್ಲ ಎಂಬುದನ್ನು ಬರೆದಿಡಿರಿ. ಇಲ್ಲದವರ ಹೆಸರನ್ನು ಸೇರಿಸಲು ಚುನಾವಣೆ ಬರುವವರೆಗೆ ಕಾಯಬೇಡಿರಿ.